ಕರುಣೆಯ ಧ್ಯಾನವೂ ಯಂತ್ರ ಮಾಡುವವರ ಲೆಕ್ಕವೂ



ಈಗ ನಮ್ಮವರ ಯಾವ ಅಂಗಡಿಗೆ ಹೋದರೂ ಗಲ್ಲೆಯ ಸುತ್ತ ನಾಲ್ಕಾರು ಯಂತ್ರಗಳು ಕಾಣುತ್ತವೆ. ತೂಕದ ಇಲೆಕ್ಟ್ರಾನಿಕ್ ಕಾಟಾ, ಬಿಲ್ಲು ತೆಗೆಯುವ ಯಂತ್ರ, ಹಣ ಜಮೆಯಾದ ಕೂಡಲೇ ಕೂಗಿ ಹೇಳುವ ಪೆಟ್ಟಿಗೆ, ಇವೆಲ್ಲಕ್ಕೂ ಮಿಗಿಲಾಗಿ ಎಲ್ಲರ ಕೈಯಲ್ಲೂ ಮೊಬೈಲು. ಇವುಗಳಲ್ಲಿ ಒಂದೊಂದನ್ನೂ ಯಾರೋ ಎಲ್ಲಿಯೋ ಕುಳಿತು, ಇಲ್ಲಿ ಗುಂಡಿ ಇರಬೇಕು, ಇಲ್ಲಿ ಅಕ್ಷರ ಕಾಣಬೇಕು, ಇಲ್ಲಿ ಗಂಟೆ ಬಾರಿಸಬೇಕು ಎಂದು ಯೋಚಿಸಿ ಮಾಡಿರುತ್ತಾರೆ. ಹಾಗೆ ಯೋಚಿಸುವಾಗ ಅವರ ಮನಸ್ಸಿನಲ್ಲಿ ಯಾರ ಸುಖ ಇತ್ತು ಎಂಬುದು ಸಣ್ಣ ಪ್ರಶ್ನೆಯಲ್ಲ.

ಕಾಟಾವನ್ನೇ ನೋಡಿರಿ. ಒಳ್ಳೆಯ ಕಾಟಾಕ್ಕೆ ಅಂಕಿ ತೋರಿಸುವ ಮುಖ ಎರಡು ಇರುತ್ತವೆ. ಒಂದು ಅಂಗಡಿಕಾರನ ಕಡೆಗೆ, ಇನ್ನೊಂದು ಗಿರಾಕಿಯ ಕಡೆಗೆ. ಎರಡನೆಯ ಮುಖ ಇಲ್ಲದಿದ್ದರೂ ತೂಕವೇನೂ ತಪ್ಪುವುದಿಲ್ಲ. ಆದರೆ ಗಲ್ಲೆಯ ಆಚೆ ನಿಂತವನಿಗೂ ಕಣ್ಣಿದೆ, ಅವನ ಮನಸ್ಸಿಗೂ ಸಮಾಧಾನ ಬೇಕು ಎಂದು ಅದನ್ನು ಮಾಡಿದವರು ನೆನೆದಿದ್ದಾರೆ. ಯಂತ್ರದಲ್ಲಿ ಕರುಣೆ ಇರುವುದೆಂದರೆ ಇಷ್ಟೇ. ಮಾಡುವವನು ಕಣ್ಣೆದುರಿಗೆ ಇಲ್ಲದವನನ್ನು ನೆನೆಯುವುದು.

ನೆನೆಯುವುದನ್ನು ಕಲಿಸಬಹುದೇ? ಅದಕ್ಕೆ ಅಭ್ಯಾಸಕ್ರಮ ಉಂಟೇ? ಉಂಟು ಎನ್ನುತ್ತಾರೆ ಬೌದ್ಧರು. ಕಳೆದ ಇಪ್ಪತ್ತು ವರ್ಷಗಳಿಂದ ಅಮೇರಿಕೆಯ ಕೆಲವು ವಿಜ್ಞಾನಿಗಳೂ ದೊಡ್ಡ ದೊಡ್ಡ ಕಂಪನಿಗಳ ಇಂಜಿನಿಯರುಗಳೂ ಅವರ ಕರುಣಾ ಧ್ಯಾನದ ಕಡೆಗೆ ತಿರುಗಿದ್ದಾರೆ. ಅದರಿಂದ ಎಲ್ಲಿ ಫಲ ಬಂತು, ಎಲ್ಲಿ ಬರಲಿಲ್ಲ, ಬಾರದಿದ್ದರೆ ಏಕೆ ಎಂಬುದನ್ನು ವ್ಯಾಪಾರಸ್ಥರಾದ ನಾವು ತಿಳಿಯಬೇಕು. ಏಕೆಂದರೆ ನಮ್ಮ ಮಕ್ಕಳು ಈಗ ಇಂಥ ಸಾಧನಗಳನ್ನು ಕೊಳ್ಳುವುದಷ್ಟೇ ಅಲ್ಲ, ತಮ್ಮ ವ್ಯಾಪಾರಕ್ಕೆಂದು ಮಾಡಿಸುತ್ತಲೂ ಇದ್ದಾರೆ.

ಧ್ಯಾನದ ಕ್ರಮ

ಕ್ರಿಸ್ತಶಕ 5ನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಬುದ್ಧಘೋಷ ಎಂಬ ಆಚಾರ್ಯರು ಪಾಲಿ ಭಾಷೆಯಲ್ಲಿ 'ವಿಸುದ್ಧಿಮಗ್ಗ' ಎಂಬ ಗ್ರಂಥ ಬರೆದರು. ಅದರಲ್ಲಿ ನಾಲ್ಕು ಬ್ರಹ್ಮವಿಹಾರಗಳ ಅಭ್ಯಾಸ ಹೇಳಿದೆ: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಮೈತ್ರಿ ಎಂದರೆ ಎಲ್ಲರೂ ಸುಖವಾಗಿರಲಿ ಎಂಬ ಹಾರೈಕೆ. ಕರುಣೆ ಎಂದರೆ ನೊಂದವನ ನೋವು ಹೋಗಲಿ ಎಂಬ ಹಾರೈಕೆ. ಮುದಿತೆ ಎಂದರೆ ಇತರರ ಏಳಿಗೆ ಕಂಡು ಹಿಗ್ಗುವುದು. ಉಪೇಕ್ಷೆ ಎಂಬ ಶಬ್ದವನ್ನು ನಾವು ಅಲಕ್ಷ್ಯ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅಲ್ಲಿ ಅದರ ಅರ್ಥ ಸಮಚಿತ್ತ. ನಮ್ಮ ಓದುಗರಿಗೆ ಇದು ಹೊಸದೇನಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳು ಬರುತ್ತವೆಂಬುದನ್ನು ಪಾಠಶಾಲೆಯಲ್ಲಿ ಕಲಿತವರೆಲ್ಲ ಬಲ್ಲರು. ಎರಡೂ ಶ್ರಮಣ ಪರಂಪರೆಗಳೇ ಆದುದರಿಂದ ಹೋಲಿಕೆ ಸಹಜ.

ಬುದ್ಧಘೋಷರ ವಿಶೇಷವೆಂದರೆ ಅವರು ಮೆಟ್ಟಿಲು ಕಟ್ಟಿ ಕೊಟ್ಟದ್ದು. ಮೈತ್ರಿಯ ಅಭ್ಯಾಸದಲ್ಲಿ ಮೊದಲು ತನಗೆ ತಾನೇ ಒಳ್ಳೆಯದನ್ನು ಹಾರೈಸಬೇಕು. ನಂತರ ಗುರುವಿನಂಥ ಗೌರವಾನ್ವಿತರಿಗೆ, ಆಮೇಲೆ ಪ್ರಿಯ ಮಿತ್ರನಿಗೆ. ಅದಾದ ಮೇಲೆ ತಟಸ್ಥನಿಗೆ, ಅಂದರೆ ನಮಗೆ ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಒಬ್ಬನಿಗೆ. ಕೊನೆಗೆ ವಿರೋಧಿಗೆ. ತಾನು, ಪ್ರಿಯ, ತಟಸ್ಥ, ವಿರೋಧಿ ಈ ನಾಲ್ವರ ನಡುವಿನ ಗಡಿಗಳು ಅಳಿಸಿ ಹೋದಾಗ ಅಭ್ಯಾಸ ಕೈಗೂಡಿತೆಂದು ಲೆಕ್ಕ.

ಇದರಲ್ಲಿ ತಟಸ್ಥನೇ ನನಗೆ ಬಹಳ ಮುಖ್ಯನೆಂದು ತೋರುತ್ತದೆ. ಪ್ರಿಯನನ್ನು ನಾವು ಮರೆಯುವುದಿಲ್ಲ. ವಿರೋಧಿಯನ್ನಂತೂ ರಾತ್ರಿ ನಿದ್ದೆಗೆಟ್ಟು ನೆನೆಯುತ್ತೇವೆ. ಮರೆತುಹೋಗುವವನು ತಟಸ್ಥ. ಪೇಟೆಯಲ್ಲಿ ಹಾದುಹೋಗುವ ಹೆಸರು ಗೊತ್ತಿಲ್ಲದವನು. ಕಂಪನಿಗಳ ಇಂಜಿನಿಯರುಗಳಿಗೆ ಅವರ ಕೋಟ್ಯಂತರ ಗಿರಾಕಿಗಳೆಲ್ಲರೂ ಇಂಥ ತಟಸ್ಥರೇ.

ಬುದ್ಧಘೋಷರು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ್ದಾರೆ. ಪ್ರತಿಯೊಂದು ಗುಣಕ್ಕೂ ಇಬ್ಬರು ಶತ್ರುಗಳು, ಒಬ್ಬ ದೂರದವನು, ಒಬ್ಬ ಹತ್ತಿರದವನು. ಮೈತ್ರಿಗೆ ದೂರದ ಶತ್ರು ದ್ವೇಷ. ಹತ್ತಿರದ ಶತ್ರು ರಾಗ, ಅಂದರೆ ಆಸೆ. ಕರುಣೆಗೆ ದೂರದ ಶತ್ರು ಹಿಂಸೆ. ಹತ್ತಿರದ ಶತ್ರು ಶೋಕ. ದೂರದ ಶತ್ರು ಬಂದರೆ ತಟ್ಟನೆ ಗುರುತು ಸಿಗುತ್ತದೆ. ಹತ್ತಿರದವನು ಗೆಳೆಯನ ವೇಷದಲ್ಲಿ ಮನೆಯೊಳಗೆ ಬಂದು ಕುಳಿತಿರುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಪ್ರಯೋಗಶಾಲೆಯಲ್ಲಿ ಭಿಕ್ಷುಗಳು

1987ರ ಅಕ್ಟೋಬರ್ ತಿಂಗಳಲ್ಲಿ ಧರ್ಮಶಾಲೆಯಲ್ಲಿ ದಲಾಯಿ ಲಾಮಾ ಅವರೊಂದಿಗೆ ಕೆಲವು ವಿಜ್ಞಾನಿಗಳ ಮಾತುಕತೆ ನಡೆಯಿತು. ಚಿಲಿ ದೇಶದ ಜೀವವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮತ್ತು ಅಮೇರಿಕೆಯ ವಕೀಲ-ಉದ್ಯಮಿ ಆಡಂ ಎಂಗಲ್ ಅದಕ್ಕೆ ಕಾರಣಕರ್ತರು. ಅದರಿಂದ ಮೈಂಡ್ ಅಂಡ್ ಲೈಫ್ ಎಂಬ ಸಂಸ್ಥೆ ಬೆಳೆಯಿತು. ಈ ಮಾತುಕತೆಗಳಲ್ಲಿ ಒಂದು 2013ರ ಜನವರಿಯಲ್ಲಿ ನಮ್ಮ ಕನ್ನಡ ನಾಡಿನಲ್ಲೇ, ಉತ್ತರ ಕನ್ನಡ ಜಿಲ್ಲೆ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಜರುಗಿತು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಡೇವಿಡ್‌ಸನ್ ಮತ್ತು ಆಂಟ್ವಾನ್ ಲುಟ್ಸ್ ಎಂಬ ವಿಜ್ಞಾನಿಗಳು 8 ಮಂದಿ ಬೌದ್ಧ ಸಾಧಕರ ತಲೆಗೆ ತಂತಿಗಳ ಜಾಲ ತೊಡಿಸಿ, ಅವರು ಕರುಣಾ ಧ್ಯಾನ ಮಾಡುವಾಗ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಆ ಸಾಧಕರು ಜೀವಮಾನದಲ್ಲಿ 10,000ದಿಂದ 50,000 ಗಂಟೆಗಳಷ್ಟು ಧ್ಯಾನ ಮಾಡಿದವರು. ಹೋಲಿಕೆಗೆಂದು ಒಂದೇ ವಾರ ಅಭ್ಯಾಸ ಮಾಡಿದ 10 ವಿದ್ಯಾರ್ಥಿಗಳನ್ನು ಇಟ್ಟುಕೊಂಡಿದ್ದರು. ಸಾಧಕರಲ್ಲಿ ಗಾಮಾ ಎಂಬ ವೇಗದ ಅಲೆಗಳು ವಿದ್ಯಾರ್ಥಿಗಳಿಗಿಂತ ಬಹಳ ಬಲವಾಗಿ ಕಂಡವು. 2004ರಲ್ಲಿ ಇದು ಪ್ರಕಟವಾದಾಗ ಲೋಕದ ಗಮನ ಇತ್ತ ಬಿತ್ತು.

ಇದಕ್ಕಿಂತ ಉಪಯುಕ್ತವಾದುದು ಜರ್ಮನಿಯ ತಾನಿಯಾ ಸಿಂಗರ್ ಅವರ ಕೆಲಸ. ಮಾಥ್ಯೂ ರಿಕಾರ್ ಎಂಬ ಫ್ರೆಂಚ್ ಭಿಕ್ಷು ಇದ್ದಾರೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಜೀವಕೋಶಗಳ ಅನುವಂಶಿಕತೆಯ ಮೇಲೆ ಡಾಕ್ಟರೇಟ್ ಪಡೆದು, ಆಮೇಲೆ ಹಿಮಾಲಯಕ್ಕೆ ಬಂದು ದೀಕ್ಷೆ ತೆಗೆದುಕೊಂಡವರು. ಅವರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಕರುಣೆಯನ್ನು ಬದಿಗಿಟ್ಟು ಬರೀ ಇತರರ ನೋವನ್ನು ತನ್ನದಾಗಿ ಅನುಭವಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಅವರು ಬಳಲಿಹೋದರು. ನಂತರ ಕರುಣಾ ಧ್ಯಾನಕ್ಕೆ ಹೊರಳಿದಾಗ ಆ ಬಳಲಿಕೆ ಹೋಗಿ ಉತ್ಸಾಹ ಬಂತು. ಮುಂದೆ ಸಾಮಾನ್ಯ ಜನರಿಗೆ ಈ ಎರಡೂ ಅಭ್ಯಾಸ ಕಲಿಸಿ ನೋಡಿದಾಗ ಅದೇ ಕಂಡುಬಂತು. ಬರೀ ಸಹವೇದನೆ ಮನಸ್ಸನ್ನು ಕುಗ್ಗಿಸಿತು. ಕರುಣೆಯ ಅಭ್ಯಾಸ ಅದನ್ನು ಮೇಲೆತ್ತಿತು. ಕರುಣೆಗೆ ಶೋಕವೇ ಹತ್ತಿರದ ಶತ್ರು ಎಂದು ಬುದ್ಧಘೋಷರು ಹೇಳಿದ್ದನ್ನು ಈ ಪ್ರಯೋಗ ನೆನಪಿಗೆ ತರುತ್ತದೆ. ಅಳುವವನ ಜೊತೆ ಕುಳಿತು ಅಳುವುದು ಒಂದು. ಎದ್ದು ಹೋಗಿ ನೀರು ತಂದುಕೊಡುವುದು ಇನ್ನೊಂದು. ಉಪಕರಣ ಮಾಡುವವರಿಗೆ ಬೇಕಾದದ್ದು ಎರಡನೆಯದು.

2008ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಿದುಳಿನ ಶಸ್ತ್ರವೈದ್ಯ ಜೇಮ್ಸ್ ಡೋಟಿ ಅವರು ಕರುಣೆಯ ಅಧ್ಯಯನಕ್ಕಾಗಿಯೇ ಒಂದು ಕೇಂದ್ರ ತೆರೆದರು. ದಲಾಯಿ ಲಾಮಾ ಅವರೂ ಅದಕ್ಕೆ ಧನಸಹಾಯ ಮಾಡಿದರು. ಅಲ್ಲಿ ಜನಸಾಮಾನ್ಯರಿಗೆಂದು ಕೆಲವು ವಾರಗಳ ಪಾಠಕ್ರಮ ರಚಿಸಿದವರು ಥುಪ್ಟೆನ್ ಜಿಂಪಾ. ದಲಾಯಿ ಲಾಮಾ ಅವರ ಇಂಗ್ಲಿಷ್ ದುಭಾಷಿಯೆಂದು ಲೋಕಪ್ರಸಿದ್ಧರಾದ ಇವರು ಓದಿದ್ದು ಮುಂಡಗೋಡದ ಗಂದೆನ್ ಮಠದಲ್ಲಿ. ಇವರ ಪಾಠಕ್ರಮದಲ್ಲಿ ಮೊದಲು ಪ್ರಿಯರೊಬ್ಬರನ್ನು ನೆನೆಯುವುದು, ತನಗೆ ತಾನು ಹಾರೈಸಿಕೊಳ್ಳುವುದು ಆಮೇಲೆ. ತನಗೆ ತಾನೇ ಒಳ್ಳೆಯದನ್ನು ಕೋರುವುದು ಪಾಶ್ಚಾತ್ಯರಿಗೆ ಕಷ್ಟವಾಗುವುದನ್ನು ಕಂಡು ಮೆಟ್ಟಿಲು ಬದಲಿಸಿದರು. ಕಲಿಯುವವನ ಅಡಚಣೆ ನೋಡಿ ಪಾಠ ಬದಲಿಸುವುದೂ ಕರುಣೆಯೇ ಅಲ್ಲವೇ?

ಕಂಪನಿಗಳ ಬಾಗಿಲಲ್ಲಿ

ಈ ಸ್ಟ್ಯಾನ್‌ಫರ್ಡಿನ ಸುತ್ತಮುತ್ತಲೇ ಗೂಗಲ್, ಫೇಸ್‌ಬುಕ್ ಮುಂತಾದ ಕಂಪನಿಗಳು ಇರುವುದು. ಗೂಗಲಿನಲ್ಲಿ ಸಿಂಗಪುರ ಮೂಲದ ಚೇಡ್-ಮೆಂಗ್ ಟಾನ್ ಎಂಬ ಇಂಜಿನಿಯರ್ 2007ರಲ್ಲಿ ನೌಕರರಿಗೆ ಧ್ಯಾನದ ತರಗತಿ ಆರಂಭಿಸಿದರು. ಎದುರಿಗಿರುವವನೂ ನನ್ನಂತೆಯೇ ಸುಖ ಬಯಸುವವನು, ನನ್ನಂತೆಯೇ ನೋವು ಬೇಡವೆನ್ನುವವನು ಎಂದು ನೆನೆಯುವ ಅಭ್ಯಾಸ ಅದರಲ್ಲಿ ಇತ್ತು.

2013ರಲ್ಲಿ ವಿಯೆಟ್ನಾಮಿನ ವಯೋವೃದ್ಧ ಭಿಕ್ಷು ಥಿಚ್ ನಾಟ್ ಹಾನ್ ಗೂಗಲಿಗೆ ಹೋಗಿ ಧ್ಯಾನ ಕಲಿಸಿದರು. 2022ರ ಜನವರಿಯಲ್ಲಿ ತೀರಿಕೊಂಡ ಇವರು ಫ್ರಾನ್ಸಿನಲ್ಲಿ ಪ್ಲಂ ವಿಲೇಜ್ ಎಂಬ ಆಶ್ರಮ ಕಟ್ಟಿದವರು. ಅಲ್ಲಿ ಆಗಾಗ ಗಂಟೆ ಬಾರಿಸುತ್ತದೆ. ಬಾರಿಸಿದ ಕೂಡಲೇ ಎಲ್ಲರೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಮೂರು ಸಲ ಉಸಿರಾಡಿ ಮುಂದುವರಿಯುತ್ತಾರೆ. ಟೆಲಿಫೋನು ಗಂಟೆಯಾದರೂ ಕೂಡಲೇ ಓಡಿ ಎತ್ತಿಕೊಳ್ಳುವುದಿಲ್ಲ. ಉಸಿರನ್ನು ಗಮನಿಸಿ, ಮನಸ್ಸು ತಿಳಿಯಾದ ಮೇಲೆ ಎತ್ತುತ್ತಾರೆ. ನಮ್ಮ ಮೊಬೈಲಿನ ಗಂಟೆಯನ್ನು ಇದರ ಪಕ್ಕ ಇಟ್ಟು ನೋಡಿರಿ. ಎರಡೂ ಗಂಟೆಗಳೇ. ಒಂದು ನಮ್ಮನ್ನು ನಮ್ಮ ಕಡೆಗೆ ಕರೆಯುತ್ತದೆ, ಇನ್ನೊಂದು ನಮ್ಮಿಂದ ಆಚೆಗೆ ಎಳೆಯುತ್ತದೆ. ಗಂಟೆ ಯಾರ ಹಿತಕ್ಕಾಗಿ ಬಾರಿಸುತ್ತದೆ ಎಂಬುದರಲ್ಲಿ ಎಲ್ಲ ಇದೆ.

ಒಂದು ಫೋಟೋದ ಕಥೆ

ಈಗ ಈ ವಿಷಯದ ಮುಖ್ಯ ಘಟನೆಗೆ ಬರೋಣ. ಆರ್ತುರೊ ಬೆಹಾರ್ ಎಂಬ ಇಂಜಿನಿಯರ್ 2009ರಿಂದ 2015ರವರೆಗೆ ಫೇಸ್‌ಬುಕ್ಕಿನಲ್ಲಿ ಜನರ ದೂರುಗಳನ್ನು ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥರಾಗಿದ್ದರು. ಅಸಭ್ಯ, ದ್ವೇಷಪೂರಿತ ಎಂದು ರಾಶಿ ರಾಶಿ ಫೋಟೋಗಳ ಮೇಲೆ ದೂರು ಬರುತ್ತಿದ್ದವು. ತೆಗೆದು ನೋಡಿದರೆ ಬಹಳಷ್ಟು ಸಾಧಾರಣ ಚಿತ್ರಗಳು: ಮನೆಮಂದಿ ಕೂಡಿ ನಿಂತದ್ದು, ಗೆಳೆಯರು ನಗುತ್ತಿರುವುದು. ದೂರು ಕೊಟ್ಟವರಿಗೆ ಆಗಿದ್ದು ಇಷ್ಟೇ, ತಮ್ಮ ಚಿತ್ರ ಚೆನ್ನಾಗಿ ಬಂದಿಲ್ಲ, ನಾಚಿಕೆಯಾಗಿದೆ. ಆದರೆ ಅದನ್ನು ಹೇಳಲು ಅಲ್ಲಿ ಜಾಗವೇ ಇರಲಿಲ್ಲ. ಅಸಭ್ಯ, ದ್ವೇಷ, ಕಿರುಕುಳ ಎಂಬಂಥ ಪೊಲೀಸ್ ಠಾಣೆಯ ಶಬ್ದಗಳು ಮಾತ್ರ ಇದ್ದವು.

ಬೆಹಾರ್ ಅವರು ಬರ್ಕ್ಲಿ ವಿಶ್ವವಿದ್ಯಾಲಯದ ಡ್ಯಾಕರ್ ಕೆಲ್ಟ್ನರ್, ಎಮಿಲಿಯಾನಾ ಸೈಮನ್-ಥಾಮಸ್ ಮತ್ತು ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಕೆಟ್ ಅವರನ್ನು ಸಹಾಯಕ್ಕೆ ಕರೆದರು. ಇವರಲ್ಲಿ ಸೈಮನ್-ಥಾಮಸ್ ಅವರು ಹಿಂದೆ ಸ್ಟ್ಯಾನ್‌ಫರ್ಡಿನ ಕರುಣಾ ಕೇಂದ್ರದಲ್ಲೇ ಕೆಲಸ ಮಾಡಿದವರು. 2011ರಿಂದ ಫೇಸ್‌ಬುಕ್ ಕಚೇರಿಯಲ್ಲಿ ಕರುಣೆಯ ಸಂಶೋಧನೆ ಎಂಬ ಹೆಸರಿನಲ್ಲೇ ಸಭೆಗಳು ನಡೆದವು. ಅದರಿಂದ ಪರದೆಯ ಮೇಲಿನ ಮಾತುಗಳು ಬದಲಾದವು. "ಈ ಚಿತ್ರದಿಂದ ನನಗೆ ನಾಚಿಕೆಯಾಗಿದೆ", "ಬೇಸರವಾಗಿದೆ" ಎಂದು ಹೇಳಲು ಅವಕಾಶ ಬಂತು. ಚಿತ್ರ ಹಾಕಿದ ಗೆಳೆಯನಿಗೇ ಸೌಜನ್ಯದ ಒಂದು ಮಾತು ಕಳಿಸುವ ಏರ್ಪಾಡು ಬಂತು. ಏನು ಬರೆಯಬೇಕೆಂದು ತಿಳಿಯದವರಿಗೆ ಮಾತೂ ಸಿದ್ಧವಾಗಿಯೇ ಇರುತ್ತಿತ್ತು. ಖಾಲಿ ಜಾಗ ಇದ್ದಾಗಿಗಿಂತ ಸಿದ್ಧ ಮಾತು ಇದ್ದಾಗ ಬಹಳ ಹೆಚ್ಚು ಜನ ಅದನ್ನು ಕಳಿಸಿದರು. ಮಕ್ಕಳ ವಿಷಯದಲ್ಲಿ 'ದೂರು' ಎಂಬ ಶಬ್ದವನ್ನೇ ತೆಗೆದರು. ದೂರು ಎಂದರೆ ಗೆಳೆಯನಿಗೆ ಶಿಕ್ಷೆಯಾದೀತೆಂದು ಮಕ್ಕಳು ಹೆದರುತ್ತಿದ್ದರು. ಅದರ ಬದಲು "ಇದರಿಂದ ತೊಂದರೆಯಾಗಿದೆ" ಎಂದು ಬರೆದರು.

ಎಷ್ಟು ಸಣ್ಣ ಬದಲಾವಣೆ! ಹೊಸ ಯಂತ್ರವೇನೂ ಬರಲಿಲ್ಲ. ಆಚೆ ಕಡೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹೀಗಾಗಿರಬಹುದು ಎಂದು ನೆನೆದು ನಾಲ್ಕು ಶಬ್ದ ಬದಲಿಸಿದರು. ಕಾಟಾಕ್ಕೆ ಎರಡನೆಯ ಮುಖ ಇಟ್ಟ ಹಾಗೆ.

ಗೆಳೆಯನ ವೇಷದ ಶತ್ರು

ಇದೇ ಕಾಲದಲ್ಲಿ ಇದೇ ಊರಿನಲ್ಲಿ ಇನ್ನೊಂದು ಕಸಬೂ ಬೆಳೆಯುತ್ತಿತ್ತು. 2006ರಲ್ಲಿ ಏಜಾ ರಸ್ಕಿನ್ ಎಂಬ ಯುವಕ ಪುಟ ಮುಗಿಯದಂತೆ, ಬೆರಳು ಎಳೆದಷ್ಟೂ ಹೊಸದು ಬರುತ್ತಲೇ ಇರುವ ಏರ್ಪಾಡನ್ನು ಮಾಡಿದರು. ಜನರ ಅನುಕೂಲಕ್ಕೆಂದೇ ಮಾಡಿದ್ದು. ಆದರೆ ಮುಗಿಯುವ ಜಾಗ ಇಲ್ಲದಿದ್ದರೆ ಏಳುವ ಜಾಗವೂ ಇಲ್ಲ. ಊಟದ ಎಲೆಗೆ ಕೇಳದೆಯೇ ಬಡಿಸುತ್ತಾ ಹೋದಂತೆ. ಮುಂದೆ ಅವರೇ ಇದಕ್ಕಾಗಿ ಬಹಿರಂಗವಾಗಿ ವಿಷಾದಿಸಿ, 2018ರಲ್ಲಿ ಟ್ರಿಸ್ಟನ್ ಹ್ಯಾರಿಸ್ ಮತ್ತು ರಂದಿಮಾ ಫರ್ನಾಂಡೊ ಅವರೊಂದಿಗೆ ಮಾನವೀಯ ತಂತ್ರಜ್ಞಾನಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಹ್ಯಾರಿಸ್ ಗೂಗಲಿನಲ್ಲಿ ಇದ್ದಾಗ, 2013ರಲ್ಲೇ, ಜನರ ಗಮನವನ್ನು ಗೌರವಿಸಿರಿ ಎಂದು ಸಹೋದ್ಯೋಗಿಗಳಿಗೆ ಬರೆದವರು. ಫರ್ನಾಂಡೊ ಅದಕ್ಕೆ ಮುಂಚೆ ಶಾಲೆಗಳಲ್ಲಿ ಧ್ಯಾನ ಕಲಿಸುವ ಸಂಸ್ಥೆಯನ್ನು ನಡೆಸಿದವರು.

"ನೀವು ಬಂದು ಮೂರು ದಿನವಾಯಿತು, ನಿಮ್ಮ ನೆನಪಾಗುತ್ತಿದೆ" ಎಂದು ಮೊಬೈಲಿನಲ್ಲಿ ಸಂದೇಶ ಬರುತ್ತದೆ. ಮಾತಿನಲ್ಲಿ ಎಷ್ಟು ಪ್ರೀತಿ! ಇದೇ ಬುದ್ಧಘೋಷರು ಹೇಳಿದ ಹತ್ತಿರದ ಶತ್ರು. ಮೈತ್ರಿಯ ವೇಷ ತೊಟ್ಟ ರಾಗ. ಮೈತ್ರಿ ಇರುವವನು ನೀನು ಸುಖವಾಗಿರು ಎನ್ನುತ್ತಾನೆ. ರಾಗ ಇರುವವನು ನೀನು ನನ್ನ ಹತ್ತಿರವೇ ಇರು ಎನ್ನುತ್ತಾನೆ.

ನಮ್ಮ ದೇಶದಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ 13 ಬಗೆಯ ಮೋಸದ ಏರ್ಪಾಡುಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರ ಹುಟ್ಟಿಸುವುದು. ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು. ಬೇಡವೆಂದವನಿಗೆ ನಾಚಿಕೆಯಾಗುವಂಥ ಮಾತು ಬರೆಯುವುದು. ಚಂದಾ ಕಟ್ಟುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ ಮಾಡುವುದು. ದರವನ್ನು ಮೊದಲೇ ಪೂರ್ತಿ ಹೇಳದೆ ಕೊನೆಯಲ್ಲಿ ಏರಿಸುವುದು, ಇವೆಲ್ಲ ಆ ಪಟ್ಟಿಯಲ್ಲಿ ಇವೆ. ಆನ್‌ಲೈನ್ ವ್ಯಾಪಾರ ಮಾಡುವ ನಮ್ಮ ಯುವಕರು ಈ ಪಟ್ಟಿಯನ್ನು ಒಮ್ಮೆ ಪೂರ್ತಿಯಾಗಿ ಓದಬೇಕು. ಖೊಟ್ಟಿ ತೂಕದ ಕಲ್ಲಿಗೂ ಇವಕ್ಕೂ ಭೇದವಿಲ್ಲ.

ಯಾವ ಖಾತೆಯಲ್ಲಿ ಬರೆದಿದೆ?

ಬೆಹಾರ್ ಅವರ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿ ಬಿಟ್ಟ ಮೇಲೆ ಅವರ 14 ವರ್ಷದ ಮಗಳು ಅದೇ ಕಂಪನಿಯ ಇನ್‌ಸ್ಟಾಗ್ರಾಮಿಗೆ ಸೇರಿದಳು. ಅಪರಿಚಿತರಿಂದ ಅವಳಿಗೆ ಬರಬಾರದ ಅಸಭ್ಯ ಸಂದೇಶಗಳು ಬಂದವು. 2019ರಲ್ಲಿ ಬೆಹಾರ್ ಸಲಹೆಗಾರರಾಗಿ ಮತ್ತೆ ಕಂಪನಿಗೆ ಹೋದರು. ತಾವು ಮಕ್ಕಳಿಗಾಗಿ ಮಾಡಿಟ್ಟಿದ್ದ ಅನೇಕ ಏರ್ಪಾಡುಗಳನ್ನು ತೆಗೆದುಹಾಕಿದ್ದು ಅಲ್ಲಿ ಕಂಡಿತು ಎಂದು ಅವರ ಹೇಳಿಕೆ. ಅವರ ತಂಡ ಬಳಕೆದಾರರನ್ನೇ ಕೇಳಿ ಸಮೀಕ್ಷೆ ಮಾಡಿತು. 13ರಿಂದ 15 ವಯಸ್ಸಿನವರಲ್ಲಿ ನೂರಕ್ಕೆ 13 ಮಂದಿ, ಹಿಂದಿನ ಏಳೇ ದಿನಗಳಲ್ಲಿ ತಮಗೆ ಬೇಡದ ಅಂಥ ಅನುಭವ ಆಯಿತು ಎಂದರು. 2021ರ ಅಕ್ಟೋಬರಿನಲ್ಲಿ ಬೆಹಾರ್ ಇದನ್ನು ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದು ತಿಳಿಸಿದರು. 2023ರ ನವೆಂಬರ್ 7ರಂದು ಅಮೇರಿಕೆಯ ಸೆನೆಟ್ ಸಮಿತಿಯ ಮುಂದೆ ನಿಂತು ಬಹಿರಂಗವಾಗಿ ಸಾಕ್ಷಿ ನುಡಿದರು. ಮಕ್ಕಳ ರಕ್ಷಣೆಗೆ ತಾವು ಅನೇಕ ಏರ್ಪಾಡು ಮಾಡಿದ್ದೇವೆ, ಮಾಡುತ್ತಲೇ ಇದ್ದೇವೆ ಎಂದು ಕಂಪನಿ ಉತ್ತರ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಹದಿಹರೆಯದವರಿಗೆ ಬೇರೆ ಬಗೆಯ ಖಾತೆಗಳನ್ನೂ ತಂದಿತು.

ಬೆಹಾರ್ ಅವರ ಸಾಕ್ಷಿಯ ಸಾರವನ್ನು ವ್ಯಾಪಾರಸ್ಥನೊಬ್ಬ ಕೂಡಲೇ ಹಿಡಿಯಬಲ್ಲ. ಕಂಪನಿ ಎಣಿಸುತ್ತಿದ್ದದ್ದು ತನ್ನ ನಿಯಮ ಮುರಿದ ಬರಹ, ಚಿತ್ರಗಳೆಷ್ಟು ಎಂದು. ಆ ಲೆಕ್ಕದಲ್ಲಿ ಬರುವ ಅಂಕಿ ಬಹಳ ಸಣ್ಣದು. ನೊಂದವರೆಷ್ಟು ಎಂದು ಕೇಳಿದರೆ ಬರುವ ಅಂಕಿ ಬಹಳ ದೊಡ್ಡದು. ಎರಡೂ ಒಂದೇ ಅಂಗಡಿಯ ಲೆಕ್ಕ. ಯಾವ ಅಂಕಿಯನ್ನು ಮುಖ್ಯ ಖಾತೆಗೆ ಬರೆಯುತ್ತಾರೋ ಅದರಂತೆ ಅಂಗಡಿ ನಡೆಯುತ್ತದೆ.

ಕರುಣೆ ಕಲಿತ ಇಂಜಿನಿಯರ್ ಇದ್ದರು. ವಿದ್ವಾಂಸರೂ ಇದ್ದರು. ಪರದೆಯ ಮೇಲೆ ಕರುಣೆಯ ಮಾತೂ ಬಂತು. ಆದರೆ ಖಾತೆವಹಿಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ. ಕಲಂ ಇಲ್ಲದ್ದು ವರ್ಷದ ಕೊನೆಗೆ ತಾಳೆ ನೋಡುವಾಗ ಕಾಣುವುದಿಲ್ಲ. ಕಾಣದ್ದನ್ನು ಯಾವ ಮಾಲೀಕನೂ ಕಾಪಾಡುವುದಿಲ್ಲ. ಕರುಣೆ ಪರದೆಗೆ ಬಂದರೆ ಸಾಲದು, ಲೆಕ್ಕಕ್ಕೂ ಬರಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ.

ಲೆಕ್ಕಕ್ಕೆ ಬಂದರೆ ಏನಾಗುತ್ತದೆಂಬುದಕ್ಕೆ ಜೈಪುರದ ಕಾಲು ಸಾಕ್ಷಿ. ಇದು ಬೌದ್ಧ ಧ್ಯಾನದಿಂದ ಹುಟ್ಟಿದ್ದಲ್ಲವಾದರೂ ಕರುಣೆಯಿಂದ ಹುಟ್ಟಿದ್ದು. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ಇದನ್ನು ರೂಪಿಸಿದರು. ವಿಲಾಯತಿ ಮಾದರಿಯ ಕೃತಕ ಕಾಲು ಬೂಟು ತೊಟ್ಟು ಕುರ್ಚಿಯ ಮೇಲೆ ಕೂರುವವನಿಗೆಂದು ಮಾಡಿದ್ದು. ನಮ್ಮ ರೈತ ಬರಿಗಾಲಲ್ಲಿ ಗದ್ದೆಗೆ ಇಳಿಯಬೇಕು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಹೀಗಾಗಿ ಜನ ಅದನ್ನು ಮೂಲೆಗೆ ಎಸೆಯುತ್ತಿದ್ದರು. ಅದನ್ನು ಕಂಡು ಇವರು ರಬ್ಬರಿನಿಂದ ಬಾಗುವ ಪಾದ ಮಾಡಿದರು. 1975ರಲ್ಲಿ ಡಿ. ಆರ್. ಮೆಹತಾ ಅವರು ಭಗವಾನ್ ಮಹಾವೀರರ ಹೆಸರಿನಲ್ಲಿ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿ ಅದನ್ನು ಉಚಿತವಾಗಿ ಹಂಚತೊಡಗಿದರು. ಆ ಸಮಿತಿಯ ಲೆಕ್ಕದಲ್ಲಿ ಎಣಿಕೆಗೆ ಬರುವುದು ಎದ್ದು ನಡೆದವರು.

ಯಂತ್ರಕ್ಕೆ ಕರುಣೆಯ ಮುಖ

ಇತ್ತೀಚೆಗೆ ಯಂತ್ರಗಳೇ ಕರುಣೆಯ ಮಾತಾಡುತ್ತಿವೆ. 2019ರಲ್ಲಿ ಜಪಾನಿನ ಕ್ಯೋಟೋ ನಗರದ ಕೊಡೈ-ಜಿ ದೇವಾಲಯದಲ್ಲಿ ಮಿಂದಾರ್ ಎಂಬ ಯಂತ್ರಮಾನವನನ್ನು ನಿಲ್ಲಿಸಿದರು. ಕರುಣಾಮೂರ್ತಿಯಾದ ಅವಲೋಕಿತೇಶ್ವರನ ರೂಪ ಅದಕ್ಕೆ. ಭಕ್ತರಿಗೆ ಉಪದೇಶವನ್ನೂ ಮಾಡುತ್ತದೆ. ಕೃತಕ ಬುದ್ಧಿಯ ಯಂತ್ರಗಳಂತೂ "ನಿಮ್ಮ ನೋವು ಅರ್ಥವಾಗುತ್ತದೆ" ಎಂದು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ.

ಇದರ ಬಗ್ಗೆ ಯೋಚಿಸುವ ಬೌದ್ಧ ಪಂಡಿತರೂ ಇದ್ದಾರೆ. 2022ರಲ್ಲಿ ಥಾಮಸ್ ಡಾಕ್ಟರ್, ಮೈಕೆಲ್ ಲೆವಿನ್ ಮುಂತಾದವರು ಕೂಡಿ ಬರೆದ ಪ್ರಬಂಧದಲ್ಲಿ ಒಂದು ಹೊಸ ವಿಚಾರ ಇದೆ. ಎಲ್ಲ ಜೀವಿಗಳ ದುಃಖ ನಿವಾರಣೆಗೆ ದುಡಿಯುತ್ತೇನೆಂಬ ಬೋಧಿಸತ್ತ್ವನ ಪ್ರತಿಜ್ಞೆಯನ್ನೇ ಬುದ್ಧಿಯುಳ್ಳ ಯಂತ್ರಗಳ ರಚನೆಗೆ ತಳಹದಿ ಮಾಡಬಹುದು ಎಂದು ಅವರ ಅಭಿಪ್ರಾಯ. ಯಾರ ಕಾಳಜಿ ಎಷ್ಟು ದೂರ ಹರಡಿದೆಯೋ ಅವರ ಬುದ್ಧಿ ಅಷ್ಟು ದೊಡ್ಡದು ಎಂಬುದು ಅದರ ತಿರುಳು. ಮೆಟ್ರಿಕ್ ಓದಿದ ನನಗೆ ಆ ಪ್ರಬಂಧದ ಗಣಿತ ತಿಳಿಯುವಂಥದ್ದಲ್ಲ. ಆದರೆ ತಿರುಳು ತಿಳಿಯುತ್ತದೆ. ಮಾತಿನಲ್ಲಿ ಕರುಣೆ ಇರುವುದಕ್ಕಿಂತ, ಆ ಯಂತ್ರವನ್ನು ಯಾರ ಹಿತಕ್ಕೆ ಓಡಿಸುತ್ತಾರೆ ಎಂಬುದನ್ನು ನೋಡಬೇಕು.

ನಮ್ಮ ಅಂಗಡಿಗಳಲ್ಲಿ

ಸೊಲ್ಲಾಪುರದ ನಮ್ಮ ಕಿರಾಣಿ ಅಂಗಡಿಗೂ ಆರ್ಡರ್ ಕೊಡುವ ಒಂದು ಆ್ಯಪ್ ಮಾಡಿಸಬೇಕೆಂದು ಎರಡು ವರ್ಷದ ಕೆಳಗೆ ಮಗ ಹಟ ಹಿಡಿದ. ಮಾಡಿಕೊಡುವ ಹುಡುಗ ಬಂದು ನಮೂನೆ ತೋರಿಸಿದ. ಸಾಮಾನಿನ ಪಕ್ಕದಲ್ಲಿ ಕೆಂಪು ಗಡಿಯಾರ ಓಡುತ್ತಿತ್ತು. ಹತ್ತು ನಿಮಿಷದೊಳಗೆ ಕೊಂಡರೆ ಈ ದರ ಎಂದು.

"ಹತ್ತು ನಿಮಿಷ ಆದ ಮ್ಯಾಲ ದರ ಏರ್ತದೇನಪಾ?" ಎಂದು ಕೇಳಿದೆ.

"ಇಲ್ರೀ ಕಾಕಾ, ಗಡಿಯಾರ ಮತ್ತ ಮೊದಲಿಂದ ಓಡ್ತದ. ಗಿರಾಕಿ ಲಗೂನ ತಗೋಳ್ಳಿ ಅಂತ" ಎಂದ.

"ಎಲ್ಲಾರೂ ಹಿಂಗ ಮಾಡ್ತಾರ ಅಪ್ಪಾ" ಎಂದ ನನ್ನ ಮಗ.

ಸೊಸೆ ಒಳಗಿನಿಂದ ಬಂದಳು. ಅವಳು ಬಿ.ಕಾಂ. ಓದಿದವಳು, ಲೆಕ್ಕವೆಲ್ಲ ಅವಳದೇ. "ಮಾವಾರ, ನಮ್ಮ ಅಂಗಡ್ಯಾಗ ನಿಂತು ಗಿರಾಕಿಗೆ ಹಿಂಗ ಹೇಳ್ತೀವೇನ್ರಿ? ಬಾಯಿಲೆ ಹೇಳಲಾರದ್ದು ಮೊಬೈಲಿನ್ಯಾಗ ಯಾಕ ಬರೀಬೇಕು?" ಎಂದಳು. ಅಲ್ಲಿಗೆ ಗಡಿಯಾರ ಹೋಯಿತು.

ನಂತರ ಸೊಸೆಯೇ ಎರಡು ಮಾತು ಸೇರಿಸಿದಳು. ಒಂದು, ಆ್ಯಪಿನಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಬೇಕು, ಅಕ್ಷರ ದೊಡ್ಡದಾಗಿ ಬೇಕು. ನಾನು ಕಂಡ ಕೆಲವು ಆ್ಯಪುಗಳಲ್ಲಿ ರಾಜ್ಯ ಯಾವುದೆಂದು ನೋಡಿ ಭಾಷೆ ಇಡುತ್ತಾರೆ. ಸೊಲ್ಲಾಪುರ, ಜತ್ತ, ಆದವಾನಿ, ಹೊಸೂರಿನ ಕನ್ನಡ ಮಾತೆಯರು ಮಾಡುವವರ ನೆನಪಿಗೇ ಬರುವುದಿಲ್ಲ. ನಾವೇ ಅವರ ತಟಸ್ಥರು. ಇನ್ನೊಂದು, ಪ್ರತಿ ತಿಂಗಳು ಮಾರಾಟದ ಮೊತ್ತದ ಪಕ್ಕದಲ್ಲಿಯೇ ಸಾಮಾನು ಹಿಂದಿರುಗಿಸಿದವರೆಷ್ಟು, ಬೇಸರ ಹೇಳಿದವರೆಷ್ಟು, ಆರ್ಡರ್ ಹಾಕಲು ಬಾರದೆ ಫೋನು ಮಾಡಿದವರೆಷ್ಟು ಎಂದು ಮೂರು ಕಲಂ ಇರಬೇಕು. ಈಗ ತಿಂಗಳ ಕೊನೆಗೆ ಮಗ ಮೊದಲು ಆ ಮೂರು ಕಲಂ ನೋಡುತ್ತಾನೆ. ಗಡಿಯಾರ ಇಟ್ಟಿದ್ದರೆ ವ್ಯಾಪಾರ ಇನ್ನೂ ಸ್ವಲ್ಪ ಹೆಚ್ಚಾಗುತ್ತಿತ್ತೇನೋ ಎಂದು ಒಮ್ಮೊಮ್ಮೆ ಅನ್ನುತ್ತಾನೆ. ಆಗುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಕರುಣೆಗೆ ಬೆಲೆಯೇ ಇಲ್ಲವೆಂದು ಹೇಳಿ ಓದುಗರನ್ನು ನಾನು ನಂಬಿಸಲಾರೆ. ಬೆಲೆ ಇದೆ, ಅದನ್ನು ತಿಳಿದೇ ಕೊಡಬೇಕು.

ಆದುದರಿಂದ ಅಂಗಡಿಗೋ ಕಾರಖಾನೆಗೋ ಹೊಸ ಸಾಧನ ಮಾಡಿಸುವ ನಮ್ಮ ಯುವಕರಿಗೆ ಆ ಹಳೆಯ ಧ್ಯಾನದ ಮೆಟ್ಟಿಲುಗಳನ್ನೇ ನಾಲ್ಕು ಪ್ರಶ್ನೆಗಳಾಗಿ ಮಾಡಿ ಕೊಡುತ್ತೇನೆ. ಒಂದು, ಇದನ್ನು ನನ್ನ ಮೇಲೆ ಯಾರಾದರೂ ಬಳಸಿದರೆ ನನಗೆ ಸಮ್ಮತವೇ? ಎರಡು, ನನ್ನ ತಾಯಿಯ ಕೈಗೂ ಮೊಮ್ಮಗನ ಕೈಗೂ ಇದನ್ನು ಹೆದರಿಕೆಯಿಲ್ಲದೆ ಕೊಡಬಲ್ಲೆನೇ? ಮೂರು, ಹೆಸರು ಗೊತ್ತಿಲ್ಲದ, ಓದು ಬಾರದ, ಕಣ್ಣು ಮಂಜಾದ ಗಿರಾಕಿ ಇದರಲ್ಲಿ ಎಲ್ಲಿ ಎಡವುತ್ತಾನೆ? ನಾಲ್ಕು, ಸಿಟ್ಟಾಗಿ ನನ್ನನ್ನು ಬಿಟ್ಟು ಹೋಗುವವನಿಗೆ, ಒಳಗೆ ಬಂದ ಬಾಗಿಲಿನಷ್ಟೇ ದೊಡ್ಡ ಬಾಗಿಲು ಹೊರಗೆ ಹೋಗಲೂ ಇದೆಯೇ? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಅವನ್ನು ಬರೆದಿಡಲು ವಹಿಯಲ್ಲಿ ಒಂದು ಕಲಂ ಹಾಕಿರಿ.

ನಮ್ಮ ಹಿರಿಯರು ಅಂಗಡಿಯ ಬಾಗಿಲು ತೆರೆಯುವ ಮುಂಚೆ ಬಸದಿಗೆ ಹೋಗಿ ಬರುತ್ತಿದ್ದರು. ಬಂದವರು ಮೊದಲು ತಕ್ಕಡಿಯ ಎರಡೂ ಪರಡಿಗಳನ್ನು ಒರೆಸಿ, ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುತ್ತಿದ್ದರು. ಈಗಿನ ತಕ್ಕಡಿಗಳಲ್ಲಿ ಮುಳ್ಳು ಕಾಣುವುದಿಲ್ಲ. ಅದನ್ನು ಮಾಡಿಸುವವನೇ ನೋಡಿಕೊಳ್ಳಬೇಕು. ಮಕ್ಕಳಿಗೆ ಇದನ್ನು ತಿಳಿಸಿ ಹೇಳುವ ಕೆಲಸ ಹಿರಿಯರಾದ ನಮ್ಮದು.

ಜೈ ಜಿನೇಂದ್ರ.